ಪೇಟೆಗೆ ಬರುವ ಮುನ್ನವೇ ಮುಗಿದ ಸರಕು



ರಂಜಾನಿನ ಕೊನೆಯ ವಾರದಲ್ಲಿ ವಾಡಿಯ ಅಂಗಡಿಗಳ ಮುಂದೆ, ದೀಪಾವಳಿಯ ಮುನ್ನಾದಿನ ಚಿತ್ತಾಪುರದ ಬಜಾರಿನಲ್ಲಿ, ಮದುವೆ ಸುಗ್ಗಿಯಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ನೀವು ಈ ಮಾತನ್ನು ಒಮ್ಮೆಯಾದರೂ ಕೇಳಿರುತ್ತೀರಿ: "ಆ ಮಾಡೆಲ್ ಖಾಲಿ ಆಗ್ಯಾದ. ಬೇಕಂದ್ರ ತರಿಸಿ ಕೊಡ್ತೀನಿ, ಖರೆ ಸ್ವಲ್ಪ ಜಾಸ್ತಿ ಆಗ್ತದ." ಕೇಳಿದ ಮೊಬೈಲ್ ಅಂಗಡಿಯಲ್ಲಿ ಇಲ್ಲ. ಆದರೆ ಸಾವಿರ ರೂಪಾಯಿ ಹೆಚ್ಚಿಗೆ ಕೊಡುತ್ತೇನೆಂದರೆ ಸಂಜೆಯೊಳಗೆ ಅದು ಎಲ್ಲಿಂದಲೋ ಬಂದುಬಿಡುತ್ತದೆ. ಇಲ್ಲದ ಸರಕು ಹೆಚ್ಚಿನ ಹಣಕ್ಕೆ ಎಲ್ಲಿಂದ ಬರುತ್ತದೆ? ಅದನ್ನು ತಂದುಕೊಟ್ಟವನು ವ್ಯಾಪಾರಿಯೋ, ಕಾಳಸಂತೆಕೋರನೋ? ಈ ಪ್ರಶ್ನೆಗೆ ಇತಿಹಾಸದಲ್ಲಿ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

ಚೀಲ ನಮ್ಮೂರದು, ಪರ್ಮಿಟ್ ಸರ್ಕಾರದ್ದು

ಅಭಾವ ಎಂಬುದು ಯಾವಾಗಲೂ ಆಕಾಶದಿಂದ ಬೀಳುವುದಿಲ್ಲ. ರಾವೂರ, ವಾಡಿ, ಶಹಾಬಾದ ಭಾಗದ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನೆಲದಡಿಯಲ್ಲಿ ಸುಣ್ಣದ ಕಲ್ಲು, ಮೇಲೆ ಪರ್ಸಿ ಕಲ್ಲಿನ ಗಣಿ. ಶಹಾಬಾದದಲ್ಲಿ ಸ್ವಾತಂತ್ರ್ಯಕ್ಕೆ ಮುಂಚೆಯೇ ಸಿಮೆಂಟ್ ಕಾರ್ಖಾನೆ ಇತ್ತು. ವಾಡಿಯಲ್ಲಿ ಎ.ಸಿ.ಸಿ. ಕಾರ್ಖಾನೆ 1968ರಲ್ಲಿ ಆರಂಭವಾಯಿತು. ಆದರೂ ಆ ಕಾಲದಲ್ಲಿ ಸಿಮೆಂಟ್ ಚೀಲ ಬೇಕಾದರೆ ಪರ್ಮಿಟ್ ಪಡೆಯಬೇಕಿತ್ತು. ಬೆಲೆಯನ್ನೂ ಹಂಚಿಕೆಯನ್ನೂ ಸರ್ಕಾರವೇ ನಿಗದಿ ಮಾಡುತ್ತಿತ್ತು. ಕಾರ್ಖಾನೆಯ ಹೊಗೆ ಕಣ್ಣೆದುರಿಗೇ ಕಾಣುತ್ತಿದ್ದರೂ ಮನೆ ಕಟ್ಟುವವನಿಗೆ ಚೀಲ ಸಿಗುತ್ತಿರಲಿಲ್ಲ. ಪರ್ಮಿಟ್ ಪಡೆದವನು ಅದನ್ನೇ ಹೆಚ್ಚಿನ ಬೆಲೆಗೆ ಮಾರಿಕೊಳ್ಳುವ ದಂಧೆ ದೇಶದ ತುಂಬ ಹಬ್ಬಿತ್ತು. 1982ರಲ್ಲಿ ನಿಯಂತ್ರಣವನ್ನು ಭಾಗಶಃ, 1989ರಲ್ಲಿ ಪೂರ್ಣವಾಗಿ ತೆಗೆದ ಮೇಲೆ, ಹೊಸ ಕಾರ್ಖಾನೆಗಳೂ ಬಂದ ಮೇಲೆ ಸಿಮೆಂಟಿನ ಕಾಳಸಂತೆ ತಾನಾಗಿಯೇ ಮಾಯವಾಯಿತು.

ಅಂದರೆ ಸರಕು ಕಡಿಮೆ ಇದ್ದುದರಿಂದ ಮಾತ್ರ ಕಾಳಸಂತೆ ಹುಟ್ಟಲಿಲ್ಲ. ಸರಕಿಗೂ ಜನರಿಗೂ ನಡುವೆ ಒಂದು ಬಾಗಿಲು ಇತ್ತು, ಆ ಬಾಗಿಲಿನ ಕೀಲಿ ಕೆಲವರ ಕೈಯಲ್ಲಿತ್ತು. ರೇಡಿಯೋ, ಟಿ.ವಿ., ಮೊಬೈಲುಗಳ ಕಥೆಯಲ್ಲಿಯೂ ಇದೇ ಬಾಗಿಲು ಮತ್ತೆ ಮತ್ತೆ ಎದುರಾಗುತ್ತದೆ.

ಫಾರಿನ್ ಮಾಲಿನ ಕಾಲ

ಇಂದಿನ ವಿದ್ಯಾರ್ಥಿಗಳಿಗೆ ಆಶ್ಚರ್ಯವಾಗಬಹುದು, 1980ರ ದಶಕದ ನಡುವಿನವರೆಗೂ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪಡೆಯುವ ಪದ್ಧತಿ ಇತ್ತು. ವಿದೇಶೀ ವಿನಿಮಯದ ಕೊರತೆಯಿಂದಾಗಿ ಸರ್ಕಾರ 1950ರ ದಶಕದ ಕೊನೆಯಿಂದಲೇ ಆಮದನ್ನು ಬಿಗಿಗೊಳಿಸಿತ್ತು. ಗಡಿಯಾರ, ಟೇಪ್ ರೆಕಾರ್ಡರ್, ಕ್ಯಾಮೆರಾದಂಥ ವಸ್ತುಗಳನ್ನು ವಿದೇಶದಿಂದ ತಂದು ಅಂಗಡಿಯಲ್ಲಿ ರಾಜಾರೋಷವಾಗಿ ಮಾರುವುದು ಸಾಧ್ಯವಿರಲಿಲ್ಲ. ದೇಶದೊಳಗೆ ಏನನ್ನು ಎಷ್ಟು ತಯಾರಿಸಬೇಕೆಂಬುದಕ್ಕೂ ಲೈಸೆನ್ಸ್ ಬೇಕಿತ್ತು. ಬೆಂಗಳೂರಿನಲ್ಲಿ ಎಚ್.ಎಂ.ಟಿ. ಸಂಸ್ಥೆ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಕೈಗಡಿಯಾರದ ಕಾರ್ಖಾನೆ ತೆರೆಯಿತು. ಆ ಗಡಿಯಾರ ಅಳಿಯನಿಗೆ ಕೊಡುವ ಗೌರವದ ಕಾಣಿಕೆಯಾಯಿತು. ಆದರೂ ಬಹಳ ವರ್ಷಗಳ ಕಾಲ ಬೇಡಿಕೆಯಷ್ಟು ಗಡಿಯಾರ ಪೇಟೆಗೆ ಬರಲೇ ಇಲ್ಲ.

ಆ ಕೊರತೆಯನ್ನು ತುಂಬಿದವರು ಇಬ್ಬರು. ಒಬ್ಬರು ಸಮುದ್ರದ ದಾರಿಯಲ್ಲಿ ಕದ್ದು ತಂದವರು. ಮುಂಬಯಿಯ ಮನೀಶ್ ಮಾರ್ಕೆಟ್, ಚೆನ್ನೈಯ ಬರ್ಮಾ ಬಜಾರ್‌ಗಳ ಹೆಸರು 'ಫಾರಿನ್ ಮಾಲು' ಎಂಬ ಮಾತಿನ ಜೊತೆಗೇ ಪ್ರಸಿದ್ಧವಾದವು. ಈ ಎರಡು ಮಹಾನಗರಗಳನ್ನು ಸೇರಿಸುವ ರೈಲು ಮಾರ್ಗದ ಮೇಲೆಯೇ ನಮ್ಮ ವಾಡಿ ಜಂಕ್ಷನ್ ಇದೆ ಎಂಬುದನ್ನು ಇಲ್ಲಿ ನೆನಪಿಸಬಹುದು. ಇನ್ನೊಬ್ಬರು ಕೊಲ್ಲಿ ದೇಶಗಳಲ್ಲಿ ದುಡಿದು ಊರಿಗೆ ಮರಳುತ್ತಿದ್ದವರು. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಭಟ್ಕಳ, ಮಂಗಳೂರು ಕಡೆಯಿಂದ, ಹೈದರಾಬಾದಿನಿಂದ, ಕ್ರಮೇಣ ನಮ್ಮ ಭಾಗದಿಂದಲೂ ಸಾವಿರಾರು ಜನ ದುಬೈ, ಸೌದಿ ಅರೇಬಿಯಾಗಳಿಗೆ ಹೋದರು. ಈದ್‌ಗೋ ತಂಗಿಯ ನಿಕಾಹ್‌ಗೋ ರಜೆ ಪಡೆದು ಬರುವಾಗ ಅವರ ಹೆಗಲ ಮೇಲೆ ಒಂದು ಟೂ-ಇನ್-ಒನ್ ಇರುತ್ತಿತ್ತು. ಅದು ಕೆಲವೊಮ್ಮೆ ಮನೆಯಲ್ಲಿ ಉಳಿಯುತ್ತಿತ್ತು, ಕೆಲವೊಮ್ಮೆ ವಿಮಾನದ ಟಿಕೆಟಿನ ಖರ್ಚು ಹುಟ್ಟಿಸಲು ಕೈ ಬದಲಾಗುತ್ತಿತ್ತು.

ಈ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಮೊದಲನೆಯವನು ಕಾನೂನಿನ ಕಣ್ಣು ತಪ್ಪಿಸಿದ. ಎರಡನೆಯವನು ಬೆವರು ಸುರಿಸಿ ಗಳಿಸಿದ ಹಣದಲ್ಲಿ ವಸ್ತುವನ್ನು ಕೊಂಡು, ನಿಯಮದಂತೆ ಸುಂಕ ಕಟ್ಟಿ, ಇಲ್ಲದ ಕಡೆಗೆ ತಂದ. ಅವನು ಪಡೆದ ಲಾಭ ಸಾಗಣೆಯ ಲಾಭ.

ಎಲ್ಲರ ಪೆಟ್ಟಿಗೆ, ಒಬ್ಬರ ಪೆಟ್ಟಿಗೆ

ಟಿ.ವಿ. ಇತಿಹಾಸದಲ್ಲಿ ನಮ್ಮ ಭಾಗಕ್ಕೆ ಒಂದು ಹೆಮ್ಮೆಯ ಸ್ಥಾನವಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ 'ಸೈಟ್' ಎಂಬ ಉಪಗ್ರಹ ಶಿಕ್ಷಣ ಪ್ರಯೋಗ ನಡೆಯಿತು. ಅಮೆರಿಕದ ಎ.ಟಿ.ಎಸ್.-6 ಉಪಗ್ರಹವನ್ನು ಒಂದು ವರ್ಷಕ್ಕೆ ಬಳಸಿಕೊಂಡು ಇಸ್ರೋ ಸಂಸ್ಥೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತಲುಪಿಸಿತು. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದ ಜಿಲ್ಲೆಗಳು ಅಂದಿನ ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ, ಸಂಜೆ ರೈತರಿಗೆ, ಮಹಿಳೆಯರಿಗೆ ಕಾರ್ಯಕ್ರಮ, ಹೆಚ್ಚಿನವು ಕನ್ನಡದಲ್ಲಿ. ಮುಂದೆ 1977ರಲ್ಲಿ ಗುಲ್ಬರ್ಗಾದಲ್ಲಿ ದೂರದರ್ಶನ ಕೇಂದ್ರ ಬಂತು. ರಾಜಧಾನಿ ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ! ಹಿಂದುಳಿದ ಭಾಗವೆಂದು ಕರೆಸಿಕೊಂಡ ನಮ್ಮ ಹಳ್ಳಿಗಳು ಈ ಒಂದು ವಿಷಯದಲ್ಲಿ ಬೆಂಗಳೂರಿಗಿಂತ ಮುಂದಿದ್ದವು.

ಸೈಟ್ ಯೋಜನೆಯ ಟಿ.ವಿ. ಪೆಟ್ಟಿಗೆಗಳನ್ನು ಹೈದರಾಬಾದಿನ ಇ.ಸಿ.ಐ.ಎಲ್. ತಯಾರಿಸಿತ್ತು. ಅವನ್ನು ಶಾಲೆ, ಪಂಚಾಯಿತಿಗಳಂಥ ಸಾರ್ವಜನಿಕ ಕಟ್ಟಡಗಳಲ್ಲಿ ಇಟ್ಟಿದ್ದರು. ಊರವರೆಲ್ಲ ಒಂದೇ ಅಂಗಳದಲ್ಲಿ ಕುಳಿತು ನೋಡುತ್ತಿದ್ದರು. ಆ ಪೆಟ್ಟಿಗೆಯನ್ನು ಯಾರೂ ಕೊಳ್ಳುವಂತಿರಲಿಲ್ಲ, ಯಾರೂ ಮಾರುವಂತಿರಲಿಲ್ಲ. ಆದ್ದರಿಂದ ಅದಕ್ಕೆ ಕಾಳಸಂತೆಯೂ ಇರಲಿಲ್ಲ.

ಟಿ.ವಿ. ಒಬ್ಬೊಬ್ಬರ ಮನೆಯ ವಸ್ತುವಾದಾಗ ಚಿತ್ರ ಬದಲಾಯಿತು. 1982ರ ಆಗಸ್ಟ್ 15ರಂದು ದೂರದರ್ಶನದ ಬಣ್ಣದ ಪ್ರಸಾರ ಶುರುವಾಯಿತು. ಅದೇ ವರ್ಷ ನವೆಂಬರ್ 19ರಿಂದ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ. ಕ್ರೀಡೆಯನ್ನು ಬಣ್ಣದಲ್ಲಿಯೇ ನೋಡಬೇಕೆಂಬ ಆಸೆ ದೇಶಕ್ಕೆಲ್ಲ ಹತ್ತಿತು. ಆದರೆ ಕಲರ್ ಟಿ.ವಿ. ಬೇಕಾದಷ್ಟು ಎಲ್ಲಿತ್ತು? ಸರ್ಕಾರ ಆಮದಿನ ನಿಯಮವನ್ನು ಸಡಿಲಿಸಬೇಕಾಯಿತು. ಕೆಲವೇ ತಿಂಗಳ ಅವಸರ, ಕೈಬೆರಳೆಣಿಕೆಯ ಸರಕು, ಮುಗಿಬಿದ್ದ ಜನ. ಇವು ಮೂರೂ ಕೂಡಿದರೆ ಮರುಮಾರಾಟದವನಿಗೆ ಸುಗ್ಗಿ. ನಂತರದ ವರ್ಷಗಳಲ್ಲಿ ದೇಶದ ಕಂಪನಿಗಳು ಟಿ.ವಿ. ತಯಾರಿಕೆಯನ್ನು ಹೆಚ್ಚಿಸಿದವು, ಊರೂರಿಗೆ ಪ್ರಸಾರ ಕೇಂದ್ರಗಳು ಬಂದವು, ಪೆಟ್ಟಿಗೆ ಎಲ್ಲ ಅಂಗಡಿಗಳಲ್ಲಿ ಸಿಗತೊಡಗಿತು. 2001ರ ಏಪ್ರಿಲ್ 1ರಂದು ಆಮದಿನ ಮೇಲಿನ ಪ್ರಮಾಣ ನಿರ್ಬಂಧಗಳಲ್ಲಿ ಉಳಿದಿದ್ದ ಕೊನೆಯ ಕಂತನ್ನು ಸರ್ಕಾರ ತೆಗೆದುಹಾಕಿತು. 'ಫಾರಿನ್ ಮಾಲು' ಎಂಬ ಮಾತಿನ ಮೋಡಿ ಅಲ್ಲಿಗೆ ಮುಗಿಯಿತು.

ಐದು ಸೆಕೆಂಡಿನ ಸಂತೆ

ಲೈಸೆನ್ಸ್ ಹೋಯಿತು, ಪರ್ಮಿಟ್ ಹೋಯಿತು. ಆದರೆ ಅಭಾವ ಹೋಯಿತೇ? ಇಲ್ಲ. ಅದು ವೇಷ ಬದಲಾಯಿಸಿತು.

ಅಮೆರಿಕದಲ್ಲಿ ಕ್ರಿಸ್‌ಮಸ್‌ಗೆ ಮುಂಚಿನ ಎರಡು ತಿಂಗಳು ದೊಡ್ಡ ವ್ಯಾಪಾರದ ಕಾಲ. 2000ದ ಅಕ್ಟೋಬರ್ 26ರಂದು ಸೋನಿ ಕಂಪನಿ ಅಲ್ಲಿ ಪ್ಲೇಸ್ಟೇಷನ್-2 ಎಂಬ ಆಟದ ಯಂತ್ರವನ್ನು ಬಿಡುಗಡೆ ಮಾಡಿತು. ಬೆಲೆ 299 ಡಾಲರ್. ಬಿಡಿಭಾಗಗಳ ಕೊರತೆಯಿಂದ ಮೊದಲ ದಿನಕ್ಕೆ ಯೋಜಿಸಿದ್ದ 10 ಲಕ್ಷ ಯಂತ್ರಗಳ ಬದಲು 5 ಲಕ್ಷ ಮಾತ್ರ ಕಳಿಸಲಾಯಿತು. ರಾತ್ರಿಯೆಲ್ಲ ಸಾಲಿನಲ್ಲಿ ನಿಂತು ಕೊಂಡವರಲ್ಲಿ ಅನೇಕರು ಆಟಗಾರರೇ ಅಲ್ಲ. ಕೊಂಡ ಕೂಡಲೇ ಅವರು ಅಂತರ್ಜಾಲದ ಹರಾಜು ತಾಣಗಳಲ್ಲಿ ಹಲವು ಪಟ್ಟು ಬೆಲೆಗೆ ಮಾರಿದರು. ಕೆಲವರು ಯಂತ್ರ ಕೈಗೆ ಬರುವ ಮುನ್ನವೇ ಬರೀ ಮುಂಗಡದ ಚೀಟಿಯನ್ನೇ ಮಾರಿಕೊಂಡರು. 2020ರ ನವೆಂಬರ್‌ನಲ್ಲಿ ಪ್ಲೇಸ್ಟೇಷನ್-5 ಬಂದಾಗ ಸಾಲು ನಿಲ್ಲುವ ಕಷ್ಟವೂ ಉಳಿದಿರಲಿಲ್ಲ. 'ಬಾಟ್' ಎಂಬ ತಂತ್ರಾಂಶಗಳು ಮನುಷ್ಯನ ಬೆರಳಿಗಿಂತ ವೇಗವಾಗಿ ಸರಕನ್ನು ಬಾಚಿಕೊಂಡವು. ಅಮೆರಿಕದಲ್ಲಿ 2016ರಲ್ಲಿ ಬಾಟ್‌ಗಳ ವಿರುದ್ಧ ಒಂದು ಕಾಯ್ದೆ ಬಂದಿತ್ತು, ಆದರೆ ಅದು ಕಾರ್ಯಕ್ರಮಗಳ ಟಿಕೆಟಿಗೆ ಮಾತ್ರ ಅನ್ವಯಿಸುತ್ತಿತ್ತು.

ನಮ್ಮಲ್ಲಿಯೂ ಈ ಗಾಳಿ ಬೀಸಿತು. 2014ರಲ್ಲಿ ಚೀನಾದ ಶಿಯೋಮಿ ಕಂಪನಿ ಫ್ಲಿಪ್‌ಕಾರ್ಟ್ ಮೂಲಕ 'ಫ್ಲ್ಯಾಶ್ ಸೇಲ್' ಎಂಬ ಪದ್ಧತಿ ತಂದಿತು. ಮುಂಚೆಯೇ ಹೆಸರು ನೋಂದಾಯಿಸಬೇಕು, ನಿಗದಿತ ಗಂಟೆಗೆ ಕಾದು ಕುಳಿತು ಬಟನ್ ಒತ್ತಬೇಕು. ಅದೇ ಸೆಪ್ಟೆಂಬರ್‌ನಲ್ಲಿ 5,999 ರೂಪಾಯಿಯ ರೆಡ್ಮಿ 1ಎಸ್ ಫೋನುಗಳು ಮೊದಲ ಸಲ ಮಾರಾಟಕ್ಕೆ ಬಂದಾಗ ಐದು ಸೆಕೆಂಡು ತುಂಬುವುದರೊಳಗೆ ಖಾಲಿಯಾದವು. ಸಂತೆ ನೆರೆದದ್ದೂ ಮುಗಿದದ್ದೂ ಅಷ್ಟರಲ್ಲಿಯೇ. ಫೋನ್ ಸಿಕ್ಕವರಲ್ಲಿ ಕೆಲವರು ಸೀಲ್ ಒಡೆಯದೆ ಅದನ್ನು ಮೇಲಿನ ಬೆಲೆಗೆ ಮಾರಿದರು. ಪ್ಲೇಸ್ಟೇಷನ್-5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿ 2ರಂದು, 49,990 ರೂಪಾಯಿಗೆ. ಅದರ ಮುಂಗಡ ಬುಕಿಂಗ್ ಕೂಡ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗಿತ್ತು.

ನೋಡಿ, ಹಿಂದೆ ಬಾಗಿಲಲ್ಲಿ ನಿಂತಿದ್ದದ್ದು ಸರ್ಕಾರದ ಪರ್ಮಿಟ್. ಈಗ ನಿಂತಿದ್ದು ಕಂಪನಿಯ ಗಡಿಯಾರ ಮತ್ತು ಬಾಟ್‌ನ ವೇಗ. ಸಾಮಾನ್ಯ ಗ್ರಾಹಕ ಅಂದೂ ಹೊರಗೆ, ಇಂದೂ ಹೊರಗೆ.

ಹಳೆಯ ಪೇಟೆಯ ನ್ಯಾಯ

ಈ ಸಮಸ್ಯೆ ಹೊಸದೆಂದು ತಿಳಿದರೆ ತಪ್ಪಾಗುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ವರ್ತಕರು ಒಟ್ಟುಗೂಡಿ ಸರಕನ್ನು ತಡೆಹಿಡಿದು ಮನಬಂದ ಬೆಲೆಗೆ ಮಾರಿದರೆ ಸಾವಿರ ಪಣ ದಂಡ ವಿಧಿಸಬೇಕೆಂಬ ವಿಧಿ ಇದೆ.

ಪ್ರವಾದಿ ಮುಹಮ್ಮದ್ (ಸ) ಅವರ ಕಾಲದ ಮದೀನಾದಲ್ಲಿ ಒಂದು ರೂಢಿ ಇತ್ತು. ಹೊರಗಿನಿಂದ ಒಂಟೆಗಳ ಮೇಲೆ ಸರಕು ಹೇರಿಕೊಂಡು ಬರುವ ತಂಡವನ್ನು ಕೆಲವರು ಊರ ಹೊರಗೇ ಎದುರುಗೊಂಡು, ಪೇಟೆಯ ಧಾರಣೆ ಅವರಿಗೆ ತಿಳಿಯುವ ಮುನ್ನವೇ ಎಲ್ಲವನ್ನೂ ಕೊಂಡುಬಿಡುತ್ತಿದ್ದರು. ಆಮೇಲೆ ಊರವರಿಗೆ ತಮ್ಮ ಬೆಲೆಗೆ ಮಾರುತ್ತಿದ್ದರು. ಪ್ರವಾದಿಯವರು ಇದನ್ನು ನಿಷೇಧಿಸಿದರು. ಸರಕು ಮೊದಲು ಪೇಟೆಗೆ ಬರಲಿ, ಎಲ್ಲರ ಕಣ್ಣೆದುರಿಗೆ ಇಳಿಯಲಿ ಎಂಬುದು ಅದರ ಸಾರ. ದಾರಿಯಲ್ಲಿ ಮೋಸಹೋದ ಮಾರಾಟಗಾರನಿಗೆ ಪೇಟೆಗೆ ಬಂದು ಧಾರಣೆ ತಿಳಿದ ಮೇಲೆ ವ್ಯವಹಾರವನ್ನು ರದ್ದುಪಡಿಸುವ ಹಕ್ಕನ್ನೂ ಕೊಟ್ಟರು. ಕೈಗೆ ಬಾರದ ಧಾನ್ಯವನ್ನು ಮರುಮಾರಾಟ ಮಾಡುವುದನ್ನೂ ತಡೆದರು. ಬಾಟ್‌ಗಳ ಕೆಲಸವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಒಂಟೆಯ ಬದಲು ಕೊರಿಯರ್, ಊರ ಬಾಗಿಲ ಬದಲು ಕಂಪ್ಯೂಟರಿನ ಪರದೆ. ಉಳಿದದ್ದೆಲ್ಲ ಅದೇ. ಆದರೆ ಇನ್ನೊಂದನ್ನೂ ಮರೆಯಬಾರದು. ಪೇಟೆಯಲ್ಲಿ ಬೆಲೆ ಏರಿದಾಗ ದರ ನಿಗದಿ ಮಾಡಿರೆಂದು ಜನ ಕೇಳಿಕೊಂಡರೆ ಅದೇ ಪ್ರವಾದಿಯವರು ಒಪ್ಪಲಿಲ್ಲ. ಅಂದರೆ ಅವರು ಲಾಭವನ್ನು ನಿಷೇಧಿಸಲಿಲ್ಲ, ಬೆಲೆ ಏರುವುದನ್ನೇ ಅಪರಾಧವೆನ್ನಲಿಲ್ಲ. ಪೇಟೆಯ ದಾರಿಗೆ ಅಡ್ಡ ನಿಲ್ಲುವುದನ್ನು ನಿಷೇಧಿಸಿದರು.

ದೆಹಲಿಯ ಅಲಾವುದ್ದೀನ್ ಖಿಲ್ಜಿ (1296–1316) ಇದಕ್ಕಿಂತ ಕಠಿಣ ದಾರಿ ಹಿಡಿದ. ಧಾನ್ಯ, ಬಟ್ಟೆ, ಕುದುರೆಗಳಿಗೆ ದರ ಕಟ್ಟಿದ, ಮಂಡಿಗೆ ಅಧಿಕಾರಿಯನ್ನು ನೇಮಿಸಿದ, ದಾಸ್ತಾನನ್ನು ದಂಡನೀಯ ಮಾಡಿದ. ಇತಿಹಾಸಕಾರ ಬರನಿ ಬರೆದಿಟ್ಟಿರುವ ಒಂದು ವಿವರ ಸ್ವಾರಸ್ಯಕರ. ಬೆಲೆಬಾಳುವ ರೇಷ್ಮೆ, ಜರಿಯ ಬಟ್ಟೆಗಳನ್ನು ಕೊಳ್ಳಲು ಅನುಮತಿ ಪತ್ರ ಬೇಕಿತ್ತು. ಏಕೆಂದರೆ ದೆಹಲಿಯಲ್ಲಿ ಅಗ್ಗವಾಗಿ ಕೊಂಡು ಬೇರೆಡೆ ನಾಲ್ಕೈದು ಪಟ್ಟು ಬೆಲೆಗೆ ಮಾರುವವರಿದ್ದರು! ಇಂದಿನ ಮರುಮಾರಾಟದವನ ಅಜ್ಜನನ್ನು ಏಳುನೂರು ವರ್ಷಗಳ ಹಿಂದೆಯೇ ನಾವು ಕಾಣುತ್ತೇವೆ. ಆದರೆ ಭಯದ ಮೇಲೆ ನಿಂತ ಆ ವ್ಯವಸ್ಥೆ ಸುಲ್ತಾನನ ಮರಣದ ನಂತರ ಉಳಿಯಲಿಲ್ಲ.

ನಮ್ಮ ಕಲಬುರಗಿ ತೋರಿಸಿದ ದಾರಿ ಬೇರೆ. ಬಹಮನಿ ಅರಸ ಎರಡನೆಯ ಮುಹಮ್ಮದ್ ಷಾ (1378–1397) ಆಳ್ವಿಕೆಯಲ್ಲಿ ದಖ್ಖನಿನಲ್ಲಿ ಬರ ಬಿತ್ತು. ಫರಿಷ್ತಾ ಬರೆದಿರುವಂತೆ ಅರಸ ತನ್ನ ಸ್ವಂತ ಖರ್ಚಿನಲ್ಲಿ ಎತ್ತುಗಳ ಹಿಂಡುಗಳನ್ನು ಮಾಳವ, ಗುಜರಾತುಗಳಿಗೆ ಅಟ್ಟಿ ಧಾನ್ಯ ತರಿಸಿ ಅಗ್ಗದ ದರಕ್ಕೆ ಹಂಚಿಸಿದ. ಗುಲ್ಬರ್ಗಾ, ಬೀದರ್ ಮೊದಲಾದ ಊರುಗಳಲ್ಲಿ ಅನಾಥ ಮಕ್ಕಳಿಗೆ ಶಾಲೆ ತೆರೆದವನೂ ಇದೇ ಅರಸ. ಅಭಾವಕ್ಕೆ ನಿಜವಾದ ಮದ್ದು ಸರಕನ್ನು ತರುವುದು, ಬರೀ ಚಾವಟಿ ಬೀಸುವುದಲ್ಲ.

ಹಸಿವೆಯೋ, ಹವ್ಯಾಸವೋ?

ಇಲ್ಲೊಂದು ಸೂಕ್ಷ್ಮವಿದೆ. ಜನರಿಗೆ ಬೇಕಾದ ವಸ್ತುವನ್ನು ಬೆಲೆ ಏರಲೆಂದು ಬಚ್ಚಿಡುವುದಕ್ಕೆ ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ 'ಇಹ್ತಿಕಾರ್' ಎನ್ನುತ್ತಾರೆ. ಅದು ತಪ್ಪೆಂಬುದರಲ್ಲಿ ಭಿನ್ನಮತವಿಲ್ಲ. ಆದರೆ ಯಾವ ವಸ್ತುವಿಗೆ? ಅದು ಆಹಾರ ಪದಾರ್ಥಗಳಿಗೆ ಸಂಬಂಧಿಸಿದ್ದೆಂದು ಇಮಾಮ್ ಅಬೂ ಹನೀಫಾ ಹೇಳಿದರೆ, ಅವರ ಶಿಷ್ಯ, ಬಾಗ್ದಾದಿನ ನ್ಯಾಯಾಧೀಶರಾಗಿದ್ದ ಇಮಾಮ್ ಅಬೂ ಯೂಸುಫ್ ಒಪ್ಪಲಿಲ್ಲ. ಯಾವುದನ್ನು ತಡೆಹಿಡಿದರೆ ಜನರಿಗೆ ಹಾನಿಯಾಗುವುದೋ ಅದೆಲ್ಲವೂ ಇಹ್ತಿಕಾರ್, ಬಟ್ಟೆಯಾದರೂ ಚಿನ್ನವಾದರೂ ಸರಿ ಎಂಬುದು ಅವರ ಅಭಿಪ್ರಾಯ. ಗುರು ವಸ್ತುವನ್ನು ನೋಡಿದರು, ಶಿಷ್ಯ ಹಾನಿಯನ್ನು ನೋಡಿದರು.

ಹನ್ನೆರಡು ಶತಮಾನಗಳ ಹಿಂದಿನ ಈ ಚರ್ಚೆ 2020ರಲ್ಲಿ ನಮ್ಮ ಮನೆ ಬಾಗಿಲಿಗೇ ಬಂತು. ಆ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಮಾಸ್ಕ್ ಮತ್ತು ಸ್ಯಾನಿಟೈಸರ್‌ಗಳನ್ನು 1955ರ ಅಗತ್ಯ ವಸ್ತುಗಳ ಕಾಯ್ದೆಯಡಿ ಜೂನ್ 30ರವರೆಗೆ ಸೇರಿಸಿ, ಬೆಲೆಗೆ ಮಿತಿ ಹಾಕಿತು. ಒಳ್ಳೆಯ ಕೆಲಸ. ಆದರೆ ಲಾಕ್‌ಡೌನ್ ಕಾಲದಲ್ಲಿ ಮೊಬೈಲ್ ಫೋನ್ 'ಅಗತ್ಯ'ದ ಪಟ್ಟಿಯಲ್ಲಿರಲಿಲ್ಲ. ಅಂಗಡಿ ಮುಚ್ಚಿತ್ತು, ಅಂತರ್ಜಾಲದ ಮಾರಾಟವೂ ನಿಂತಿತ್ತು, ಕಾರ್ಖಾನೆಗಳೂ ನಿಂತಿದ್ದವು. ಜೂನ್ ಬಂತು. ಶಾಲೆಯ ಕದ ತೆರೆಯಲಿಲ್ಲ, ಪಾಠ ಮಾತ್ರ ಫೋನಿಗೆ ಬಂತು. ನಮ್ಮ ರಾಜ್ಯದಲ್ಲಿ ಕಿರಿಯ ತರಗತಿಗಳಿಗೆ ಆನ್‌ಲೈನ್ ಪಾಠ ಬೇಡವೆಂದು ಸರ್ಕಾರ ಆದೇಶಿಸಿತು, ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಫೋನ್ ಇಲ್ಲದ ಮಕ್ಕಳನ್ನು ತಲುಪಲು ಶಿಕ್ಷಕರು 'ವಿದ್ಯಾಗಮ' ಯೋಜನೆಯಡಿ ಓಣಿ ಓಣಿಗೆ ಹೋದರು. ಅಗ್ಗದ ಫೋನ್, ಟ್ಯಾಬ್, ಲ್ಯಾಪ್‌ಟಾಪ್‌ಗಳಿಗೆ ದೇಶವೆಲ್ಲ ಒಮ್ಮೆಲೇ ಮುಗಿಬಿತ್ತು.

ಈಗ ನೀವೇ ಯೋಚಿಸಿ. ಗಣಿಯಲ್ಲಿ ಕಲ್ಲು ಒಡೆಯುವ ತಂದೆ. ಮೂರು ಮಕ್ಕಳು, ಮೂರು ತರಗತಿ, ಮನೆಗೊಂದೇ ಫೋನ್, ಅದೂ ತಂದೆಯ ಜೊತೆ ಕೆಲಸಕ್ಕೆ ಹೋಗುತ್ತದೆ. ಇಂಥ ಮನೆಗೆ ಇನ್ನೊಂದು ಫೋನ್ ಹವ್ಯಾಸದ ವಸ್ತುವೇ? ಆಟದ ಯಂತ್ರವನ್ನು ದುಬಾರಿಗೆ ಮಾರಿದವನಿಂದ ಯಾವ ಮಗುವಿನ ವರ್ಷವೂ ಹಾಳಾಗುವುದಿಲ್ಲ, ಆಡಬೇಕೆನ್ನುವವನು ಆರು ತಿಂಗಳು ಕಾಯಬಹುದು. ಆದರೆ ಪಾಠವೇ ಫೋನಿನೊಳಗೆ ಹೋದ ದಿನ, ಆ ಫೋನನ್ನು ಕಪಾಟಿನಲ್ಲಿಟ್ಟು ಬೆಲೆ ಏರಲೆಂದು ಕಾದವನು ಮಗುವಿನ ಪುಸ್ತಕವನ್ನೇ ಬಚ್ಚಿಟ್ಟಂತೆ. ವಸ್ತು ಅದೇ, ಕಾಲ ಬದಲಾಯಿತು, ಹಾನಿ ಬದಲಾಯಿತು. ಇಲ್ಲಿ ಅಬೂ ಯೂಸುಫರ ಅಳತೆಗೋಲೇ ನಮಗೆ ಸರಿಯಾದದ್ದು.

ವಿದ್ಯಾರ್ಥಿಗಳಿಗೆ ಎರಡು ಮಾತು

ನಿಮ್ಮಲ್ಲಿ ಅನೇಕರು ನಾಳೆ ವ್ಯಾಪಾರಕ್ಕೆ ಇಳಿಯುವವರು. ಕಾಲೇಜಿನ ಜೊತೆಗೆ ಹಬ್ಬದ ಸೇಲ್‌ನಲ್ಲಿ ಫೋನ್ ಕೊಂಡು ಮಾರಿ ಕೈಖರ್ಚು ಹುಟ್ಟಿಸಿಕೊಳ್ಳುವವರೂ ಇರಬಹುದು. ವ್ಯಾಪಾರ ಗೌರವದ ವೃತ್ತಿ, ಅದರಲ್ಲಿ ಸಂಕೋಚ ಬೇಡ. ಆದರೆ ಮೊದಲು ಕಾನೂನು ತಿಳಿಯಿರಿ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಮತ್ತು ಅದರಡಿ ಬಂದ 2011ರ ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಚಿಲ್ಲರೆ ಬೆಲೆಗಿಂತ ಹೆಚ್ಚಿಗೆ ಮಾರುವಂತಿಲ್ಲ. "ಸ್ವಲ್ಪ ಜಾಸ್ತಿ ಆಗ್ತದ" ಎಂದವನಿಗೆ ಡಬ್ಬಿಯ ಮೇಲಿನ ಎಂ.ಆರ್.ಪಿ. ತೋರಿಸುವ, ಬಿಲ್ ಕೇಳುವ ಹಕ್ಕು ನಿಮಗಿದೆ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಕಾನೂನಿನಾಚೆಗೆ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗಳನ್ನು ಈ ಇತಿಹಾಸ ಕಲಿಸುತ್ತದೆ. ನಾನು ಸರಕನ್ನು ಇಲ್ಲದ ಕಡೆಗೆ ತಂದೆನೋ, ಇದ್ದ ಕಡೆಯಿಂದ ಮರೆಮಾಡಿದೆನೋ? ಪೇಟೆಗೆ ಬಂದ ಮೇಲೆ ಕೊಂಡೆನೋ, ದಾರಿಯಲ್ಲೇ ಅಡ್ಡಗಟ್ಟಿದೆನೋ? ನನ್ನಿಂದ ಕೊಳ್ಳುವವನು ಆಸೆಗೆ ಕೊಳ್ಳುತ್ತಿದ್ದಾನೋ, ಬೇರೆ ಗತಿಯಿಲ್ಲದೆ ಕೊಳ್ಳುತ್ತಿದ್ದಾನೋ? ಕೊಲ್ಲಿ ದೇಶದಿಂದ ಟೂ-ಇನ್-ಒನ್ ತಂದವನು ಈ ಮೂರಕ್ಕೂ ತಲೆಯೆತ್ತಿ ಉತ್ತರ ಹೇಳಬಲ್ಲ. ಸಿಮೆಂಟಿನ ಪರ್ಮಿಟ್ ಮಾರಿಕೊಂಡವನಿಗೆ ಅದು ಸಾಧ್ಯವಿಲ್ಲ.

ಕೊನೆಯದಾಗಿ ಇನ್ನೊಂದು ಮಾತು. ಬಚ್ಚಿಡುವುದೆಂದರೆ ವ್ಯಾಪಾರಿಯ ಕಪಾಟು ಮಾತ್ರವಲ್ಲ. ಹೊಸ ಫೋನ್ ಕೊಂಡ ಮೇಲೆ ಹಳೆಯದನ್ನು ನಮ್ಮ ಮನೆಯ ಟ್ರಂಕಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಇಟ್ಟಿರುತ್ತೇವೆ. ಅದರ ಬ್ಯಾಟರಿ ಬದಲಿಸಿ ಪಕ್ಕದ ಓಣಿಯ ಒಬ್ಬ ವಿದ್ಯಾರ್ಥಿಗೆ ಕೊಟ್ಟರೆ ಅದೂ ಒಂದು ತರಗತಿಯಾಗುತ್ತದೆ. 1975ರಲ್ಲಿ ನಮ್ಮ ಜಿಲ್ಲೆಯ ಮಕ್ಕಳು ಊರಿಗೊಂದು ಪೆಟ್ಟಿಗೆಯ ಮುಂದೆ ಸಾಲಾಗಿ ಕುಳಿತು ಪಾಠ ಕೇಳಿದ್ದರು. ಆ ಅಂಗಳದಲ್ಲಿ ಸಿರಿವಂತನ ಮಗನಿಗೂ ಬಡವನ ಮಗಳಿಗೂ ಕಂಡದ್ದು ಒಂದೇ ಚಿತ್ರ.